ಗಾಜಿನ ಹೆಂಚು ಹಾಕಿದರೂ ಕೋಣೆ ಕತ್ತಲೆ, ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ಹೆಂಚಿನ ಮನೆ. ನಡುಮನೆ ಪಕ್ಕದ ಕೋಣೆಗೆ ಒಂದೂ ಕಿಟಕಿಯಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮುಗೀತು. ಹೋದ ವರ್ಷ ಮಾಡಿಗೆ ಎರಡು ಗಾಜಿನ ಹೆಂಚು ಹಾಕಿಸಿದೆವು, ಏನೂ ಪ್ರಯೋಜನವಾಗಲಿಲ್ಲ. ಕೋಣೆಗೆ ಹಲಗೆಯ ಮುಚ್ಚಿಗೆ ಇದೆ. ಹಿಂದೆ ಹೊಸದಾಗಿ ಕಟ್ಟಿದ ಟೆರೇಸ್ ಬಚ್ಚಲಿನಲ್ಲೂ ಇದೇ ಕತೆ. ಏನು ಮಾಡಬಹುದು ಸರ್?

ಉತ್ತರ: ಮುಚ್ಚಿಗೆ ಇದೆ ಅಂದಿರಲ್ಲ, ಕಾರಣ ಅಲ್ಲೇ ಇದೆ. ಹೆಂಚಿನಿಂದ ಬೆಳಕು ಬರುತ್ತಿದೆ, ಆದರೆ ಅಟ್ಟದಲ್ಲೇ ಉಳಿಯುತ್ತಿದೆ. ಅಟ್ಟದಲ್ಲಿಟ್ಟ ಹಳೇ ತೊಟ್ಟಿಲು, ತಾಮ್ರದ ಹಂಡೆ ಈಗ ಚೆನ್ನಾಗಿ ಕಾಣುತ್ತಿರಬೇಕು!

ಮುಚ್ಚಿಗೆ ಇಲ್ಲದ ಕಡೆ ಒಂದೇ ಹೆಂಚು ಸಾಕಾಗುತ್ತದೆ. ನಮ್ಮಜ್ಜಿ ಮನೆಯ ಅಡಿಗೆಮನೆಯಲ್ಲಿ ಇದ್ದದ್ದು ಒಂದೇ. ಬಿಸಿಲಿನ ಚೌಕ ಒರಳಿನ ಹತ್ತಿರ ಬಂತು ಅಂದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದರು. ಗಡಿಯಾರ ನೋಡಿದ್ದು ಕಡಿಮೆ.

ನಿಮ್ಮಲ್ಲಿ ಆ ಬೆಳಕನ್ನು ಕೆಳಗೆ ಇಳಿಸಬೇಕು. ಗಾಜಿನ ಹೆಂಚಿನ ನೇರ ಕೆಳಗೆ ಮುಚ್ಚಿಗೆಯ ಹಲಗೆ ಕತ್ತರಿಸಿ, ಎರಡರ ನಡುವೆ ಪ್ಲೈವುಡ್ಡಿನ ಪೆಟ್ಟಿಗೆ ಕೂರಿಸಿ. ತೊಲೆಗೆ ಮಾತ್ರ ಗರಗಸ ತಾಗಿಸಬೇಡಿ, ಎರಡು ತೊಲೆಗಳ ನಡುವಿನ ಜಾಗವಷ್ಟೇ ನಿಮ್ಮದು. ಪೆಟ್ಟಿಗೆಯ ಬಾಯಿ ಮೇಲೆ ಹೆಂಚಿನಷ್ಟಿರಲಿ, ಕೆಳಗೆ ಬರುತ್ತಾ ಅಗಲವಾಗಲಿ. ಒಳಗೆಲ್ಲ ಅಚ್ಚ ಬಿಳಿ ಬಣ್ಣ. ಒಳ್ಳೆ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲು ವಾಪಸ್ ಕೊಡುತ್ತದೆ. ಹೊಗೆ ಹಿಡಿದ ಹಲಗೆ 10 ಪಾಲು ಕೊಟ್ಟರೆ ಹೆಚ್ಚು. ಹಾಗಾಗಿ ಕೋಣೆಯ ಗೋಡೆ, ಮುಚ್ಚಿಗೆಯ ಅಡಿಭಾಗಕ್ಕೂ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಹೊಡೆಸಿ. ಪೆಟ್ಟಿಗೆಯ ಕೆಳಬಾಯಿಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಹಾಕಿ. ಅದನ್ನು ಬಿಚ್ಚಲು ಬರಬೇಕು, ಬಾವಲಿ ಹಿಕ್ಕೆ, ಧೂಳು ಬಿದ್ದೇ ಬೀಳುತ್ತದೆ.

ಮಳೆಗಾಲದಲ್ಲಿ ಬೆಳಕೆಲ್ಲಿ ಅಂತ ಕೇಳಬಹುದು. ಮೋಡ ಮುಚ್ಚಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕಿರುತ್ತದೆ. ಪುಸ್ತಕ ಓದಲು 300 ಲಕ್ಸ್ ಸಾಕು. ಹಾಗಂತ ಆಸೆಗೆ ಬಿದ್ದು ಆರೇಳು ಹೆಂಚು ಹಾಕಬೇಡಿ. ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಕೋಣೆ ಕಾದ ಹಂಚಾಗುತ್ತದೆ. ಇನ್ನೂ ಬೆಳಕು ಬೇಕೆನಿಸಿದರೆ ಉತ್ತರದ ಮಾಡಿನಲ್ಲಿ ಒಂದು ಹೆಂಚು ಸೇರಿಸಿ. ಚಳಿಗಾಲದ ಓರೆ ಬಿಸಿಲು ಅಲ್ಲಿ ಅಷ್ಟು ಚುಚ್ಚುವುದಿಲ್ಲ.

ಇನ್ನು ಬಚ್ಚಲು. ಒಳಗೆ ಕನ್ನಡಿಯಂತೆ ಹೊಳೆಯುವ ಕೊಳವೆಯನ್ನು ಟೆರೇಸಿನಿಂದ ಇಳಿಸುವ ವ್ಯವಸ್ಥೆ ಸಿಗುತ್ತದೆ. ಬೆಳಕು ಚೆನ್ನಾಗಿಯೇ ಬರುತ್ತದೆ. ಆದರೆ ಸ್ಲ್ಯಾಬ್ ಕೊರೆಯಬೇಕು, ಕಬ್ಬಿಣ ಕತ್ತರಿಸಬೇಕಾಗಬಹುದು. ಎಂಜಿನಿಯರ್ ನೋಡದೆ ಮೇಸ್ತ್ರಿ ಮಾತಿನ ಮೇಲೆ ಕೊರೆಸಬೇಡಿ. ತೂತಿನ ಸುತ್ತ ಅರ್ಧ ಅಡಿಯಾದರೂ ಎತ್ತರದ ಕಟ್ಟೆ ಇಲ್ಲದಿದ್ದರೆ ನಮ್ಮ ಮಳೆಗೆ ಬೆಳಕಿಗಿಂತ ಮೊದಲು ನೀರು ಇಳಿಯುತ್ತದೆ. ನನ್ನನ್ನು ಕೇಳಿದರೆ, ಬಚ್ಚಲ ಬಾಗಿಲು ಬೆಳಕಿರುವ ಕಡೆಗೆ ತೆರೆಯುವುದಾದರೆ ಅದರ ಮೇಲೆ ಮಬ್ಬು ಗಾಜಿನ ವೆಂಟಿಲೇಟರ್ ಇಡಿಸಿ ನೋಡಿ. ಖರ್ಚೂ ಕಡಿಮೆ, ಹಬೆಯೂ ಹೊರಗೆ ಹೋಗುತ್ತದೆ.

ಅಂದ ಹಾಗೆ, ನಿಮ್ಮ ಗಾಜಿನ ಹೆಂಚನ್ನು ಹಾಕಿಸಿದ ಮೇಲೆ ಒಮ್ಮೆಯಾದರೂ ತೊಳೆದಿದ್ದೀರಾ? ಒಂದು ಮಳೆಗಾಲಕ್ಕೇ ಪಾಚಿ ಕಟ್ಟುತ್ತದೆ. ಹೆಂಚು ಕೈಯಾಡಿಸಲು ಆಳು ಬಂದಾಗ ಅದನ್ನೂ ಇಳಿಸಿ, ತೆಂಗಿನ ನಾರಿನಿಂದ ಉಜ್ಜಿಸಿಬಿಡಿ.