ಏರಿನ ಬುಡದಲ್ಲೇ ತಲೆಗೆ ನೀರು: ಬಿಸಿಲಿನ ಓಟದ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಏರಿಳಿತದ ಡಾಂಬರು ರಸ್ತೆಯಲ್ಲಿ, ಬಿಸಿಲು ಏರಿದ ಮೇಲೂ ಓಡಬೇಕಾದ ದೂರದ ಓಟಗಳ ಬಗ್ಗೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸಪಾಟು ರಸ್ತೆಯಲ್ಲಿ ಕಿಲೋಮೀಟರಿಗೆ 6 ನಿಮಿಷದಂತೆ 30 ಕಿ.ಮೀ. ಆರಾಮಾಗಿ ಓಡುತ್ತೇನೆ. ಚಾಮುಂಡಿ ಬೆಟ್ಟದ ರಸ್ತೆ ಹತ್ತಿ ಇಳಿದರೆ ಮಾತ್ರ ಆಮೇಲೆ ಕಾಲೇ ಏಳುವುದಿಲ್ಲ. ಅಭ್ಯಾಸ ಸಾಲದೇ? (ಮೈಸೂರು)

ಉತ್ತರ: ಅಭ್ಯಾಸ ಸಾಕಷ್ಟಿದೆ. ಏರಿನಲ್ಲೂ ಗಡಿಯಾರ ನೋಡಿಕೊಂಡು ಓಡುತ್ತಿದ್ದೀರಿ, ಕೆಡುತ್ತಿರುವುದು ಅಲ್ಲಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗ ಹಿಡಿಯಲು ಹೆಚ್ಚುಕಡಿಮೆ ಕಾಲು ಪಾಲು ಹೆಚ್ಚು ಶಕ್ತಿ ಬೇಕು. ಅಂದರೆ ಅಲ್ಲಿ 6 ನಿಮಿಷದ ಓಟ ನಿಮ್ಮ ದೇಹದ ಪಾಲಿಗೆ ಸಪಾಟು ರಸ್ತೆಯ 4 ನಿಮಿಷ 50 ಸೆಕೆಂಡಿನ ಓಟ. ಮೈಸೂರಿನಿಂದ ಬೆಟ್ಟದ ನೆತ್ತಿಗೆ ಸುಮಾರು 300 ಮೀಟರ್ ಏರಬೇಕು. ಅಷ್ಟು ಹೊತ್ತು ಆ ವೇಗದಲ್ಲಿ ಓಡಿದರೆ ಯಾರ ಕಾಲೂ ಉಳಿಯುವುದಿಲ್ಲ. ಅಂಥ ಏರಿನಲ್ಲಿ ನಿಮ್ಮ ಸರಿಯಾದ ವೇಗ ಏಳೂಕಾಲರಿಂದ ಏಳೂವರೆ ನಿಮಿಷ.

ಬಿಸಿಲಿದ್ದರೆ ಇದರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. 60 ಕಿಲೋ ತೂಕದವರು ಗಂಟೆಗೆ 10 ಕಿ.ಮೀ. ಓಡಿದರೆ ಸುಮಾರು 600 ಕಿಲೋಕ್ಯಾಲರಿ ಉರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಶಾಖ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ, ಆದರೆ ಆವಿಯಾಗಲು ಮೈಗೆ ಗಾಳಿ ತಾಗಬೇಕು. ಏರಿನಲ್ಲಿ ಶಾಖ ಹೆಚ್ಚುತ್ತದೆ, ಕಾಲು ನಿಧಾನವಾಗಿ ಗಾಳಿ ಕಡಿಮೆಯಾಗುತ್ತದೆ. ಬೆನ್ನ ಹಿಂದಿನ ಗಾಳಿಯಿದ್ದರಂತೂ ಒಲೆಯ ಮುಂದೆ ಕೂತಂತೆ: ಗಾಳಿಯೂ ನೀವೂ ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಮೈಗೆ ಏನೂ ತಾಗದು. ಇಳಿಜಾರಿನಲ್ಲಿ ಶಾಖ ಕಡಿಮೆ, ಗಾಳಿ ಹೆಚ್ಚು. ಮೈ ತಾನಾಗಿ ತಂಪಾಗುತ್ತದೆ.

ಆದ್ದರಿಂದ ತಲೆಗೆ ನೀರು ಸುರಿದುಕೊಳ್ಳಬೇಕಾದದ್ದು ಏರಿನ ಬುಡದಲ್ಲಿ. ಹೆಚ್ಚಿನವರು ನೆತ್ತಿ ತಲುಪಿ, ನಿಟ್ಟುಸಿರು ಬಿಟ್ಟು ಸುರಿದುಕೊಳ್ಳುತ್ತಾರೆ. ಆಗ ಅದರ ಕೆಲಸ ಮುಗಿದಿರುತ್ತದೆ. ಸುರಿದುಕೊಳ್ಳುವಾಗ ಸೊಂಟ ಬಗ್ಗಿಸಿ, ತಲೆ ಮುಂದೆ ಚಾಚಿ, ನೀರು ಮುಖದಿಂದ ನೇರ ನೆಲಕ್ಕೆ ಬೀಳಲಿ. ನಿಂತ ನಿಲುವಿನಲ್ಲೇ ಸುರಿದುಕೊಂಡರೆ ನೀರು ಬೆನ್ನು, ತೊಡೆ ಹಾದು ಶೂ ಒಳಗೆ ಇಳಿಯುತ್ತದೆ. ಒದ್ದೆ ಕಾಲುಚೀಲದಲ್ಲಿ ಐದಾರು ಕಿಲೋಮೀಟರ್ ಓಡುವಷ್ಟರಲ್ಲಿ ಅಂಗಾಲಿನ ಮುಂಭಾಗದಲ್ಲಿ ಗುಳ್ಳೆ ಏಳುತ್ತದೆ.

ಏರಿನಲ್ಲಿ ವೇಗದ ಬದಲು ಉಸಿರನ್ನು ಅಳೆಯಿರಿ. ಒಂದೇ ಉಸಿರಿನಲ್ಲಿ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಲು ಬಂದರೆ ಸರಿ. ಐದಕ್ಕೇ ಉಸಿರು ಕಟ್ಟಿದರೆ ನಡೆಯಿರಿ. ಉದ್ದದ ಏರಿಗೆ ಕರೆಂಟ್ ಕಂಬದ ಲೆಕ್ಕ ಒಳ್ಳೆಯದು: ಎರಡು ಕಂಬ ಓಟ, ಒಂದು ಕಂಬ ಬಿರುನಡಿಗೆ. ಇದನ್ನು ಮೊದಲ ಏರಿನಿಂದಲೇ ಶುರು ಮಾಡಿ. ಸೋತ ಮೇಲೆ ನಡೆಯಲು ಹೊರಟರೆ ಮತ್ತೆ ಓಟಕ್ಕೆ ಮರಳುವುದು ಬಹಳ ಕಷ್ಟ.

ಪ್ರಶ್ನೆ: ಇಲ್ಲಿ 29 ಡಿಗ್ರಿಯಲ್ಲೇ ಬಸವಳಿಯುತ್ತೇನೆ. ಬಳ್ಳಾರಿಯ ಗೆಳೆಯ 35ರಲ್ಲೂ ಓಡುತ್ತಾನೆ. ನನ್ನ ದೇಹವೇ ದುರ್ಬಲವೇ? (ಮಂಗಳೂರು)

ಉತ್ತರ: ನಿಮ್ಮಲ್ಲಿ ಸೆಖೆ, ಅಲ್ಲಿ ಒಣಬಿಸಿಲು. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆವಿಯಾಗದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರು, ಉಪ್ಪು ಹೋಗುತ್ತವೆಯೇ ಹೊರತು ಶಾಖ ಹೋಗುವುದಿಲ್ಲ. ಹಾಗಾಗಿ ನಿಮ್ಮೂರಿನಲ್ಲಿ ಉಷ್ಣಾಂಶಕ್ಕಿಂತ ಆರ್ದ್ರತೆಯ ಅಂಕಿಯನ್ನು ಮೊದಲು ನೋಡಿ. ಅದು 80ರ ಮೇಲಿದ್ದರೆ ಮೊದಲ ಅರ್ಧ ದೂರವನ್ನು ಕಿಲೋಮೀಟರಿಗೆ 30 ಸೆಕೆಂಡಾದರೂ ನಿಧಾನವಾಗಿ ಓಡಿ. ತಲೆಗೆ ಸುರಿಯುವ ಮಾಮೂಲಿ ನೀರು ಕೂಡ ನಿಮಗೆ ಅಷ್ಟಾಗಿ ಸಹಾಯ ಮಾಡದು. ಕರ್ಚೀಫಿನಲ್ಲಿ ಐಸ್ ಕಟ್ಟಿ ಕತ್ತಿನ ಸುತ್ತ ಸುತ್ತಿಕೊಳ್ಳಿ. ಬಳ್ಳಾರಿಯವರಿಗೆ ಬೇರೆಯದೇ ಅಪಾಯ: ಬೆವರು ಕೂಡಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂದು ಗೊತ್ತೇ ಆಗುವುದಿಲ್ಲ.

ಬಿಸಿಲಿಗೆ ಮೈ ಪಳಗಲು 10ರಿಂದ 14 ದಿನ ಬೇಕು. ದಿನಕ್ಕೆ ಒಂದರಿಂದ ಒಂದೂವರೆ ಗಂಟೆ, ಓಟ ನಡೆಯುವ ಹೊತ್ತಿನ ಬಿಸಿಲಿನಲ್ಲೇ, ನಿಧಾನವಾಗಿ ಓಡಬೇಕು. ಆಗ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬೆಳಗಿನ ಐದು ಗಂಟೆಗೆ ಮಾತ್ರ ಓಡಿ ಅಭ್ಯಾಸವಿರುವವರಿಗೆ ಈ ಯಾವ ಬದಲಾವಣೆಯೂ ಪೂರ್ತಿ ಸಿಗುವುದಿಲ್ಲ.

ಪ್ರಶ್ನೆ: ಪ್ರತಿ ಸ್ಟಾಲಿನಲ್ಲೂ ನೀರು ಕುಡಿಯಲೇಬೇಕೇ? ಎಳನೀರು, ಮಜ್ಜಿಗೆ, ಒಆರ್‌ಎಸ್, ಇವುಗಳಲ್ಲಿ ಯಾವುದು ಒಳ್ಳೆಯದು? (ಹುಬ್ಬಳ್ಳಿ)

ಉತ್ತರ: ಮೊದಲು ನಿಮ್ಮ ಬೆವರನ್ನು ಅಳೆಯಿರಿ. ಶೌಚ ಮುಗಿಸಿ, ಬಟ್ಟೆಯಿಲ್ಲದೆ ತೂಕ ನೋಡಿ, ಒಂದು ಗಂಟೆ ಓಡಿ ಬಂದು ಮೈ ಒರೆಸಿಕೊಂಡು ಮತ್ತೆ ನೋಡಿ. 62 ಕಿಲೋ ಇದ್ದದ್ದು 61.1 ಆಗಿ, ನಡುವೆ 300 ಮಿ.ಲೀ. ಕುಡಿದಿದ್ದರೆ ನಿಮ್ಮ ಬೆವರು ಗಂಟೆಗೆ 1.2 ಲೀಟರ್. ಅಷ್ಟನ್ನೂ ಓಡುತ್ತಲೇ ತುಂಬಿಸಲು ಹೋಗಬೇಡಿ, ಹೊಟ್ಟೆ ತಡೆಯದು. ಬಾಯಾರಿಕೆ ಹೇಳಿದಂತೆ ಕುಡಿಯಿರಿ. ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿ.ಲೀ. ಒಳಗೆ ಸಾಕಾಗುತ್ತದೆ.

ಬೇಡದಿದ್ದರೂ ಪ್ರತಿ ಸ್ಟಾಲಿನಲ್ಲಿ ಎರಡೆರಡು ಗ್ಲಾಸ್ ಕುಡಿಯುವುದು ನಿಜವಾಗಿಯೂ ಅಪಾಯ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ರಸ್ತೆಯಲ್ಲಿರುವ ನಿಧಾನದ ಓಟಗಾರರಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದು ಮಿದುಳು ಊದಿಕೊಳ್ಳತೊಡಗುತ್ತದೆ. ಬೆರಳಿನ ಉಂಗುರ ಬಿಗಿಯಾಗುವುದು, ಹೊಟ್ಟೆ ಉಬ್ಬರ, ವಾಕರಿಕೆ, ತಲೆನೋವು ಇದರ ಸುಳಿವು. ಇಂಥವರಿಗೆ ‘ಸುಸ್ತಾಗಿದೆ ಪಾಪ’ ಎಂದು ಇನ್ನಷ್ಟು ನೀರು ಕೊಡುವುದು ಕೆಡುಕನ್ನೇ ಮಾಡುತ್ತದೆ. ಓಟದ ಕೊನೆಗೆ ತೂಕ ಶುರುವಿಗಿಂತ ಹೆಚ್ಚಾಗಿರಲೇಬಾರದು.

ಒಆರ್‌ಎಸ್ ಚೆನ್ನಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕದಡಬೇಕು. ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ಪೊಟ್ಟಣ ಸುರಿದರೆ ಗಟ್ಟಿಯಾಗಿ ವಾಂತಿ, ಭೇದಿ ಬರಬಹುದು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರು, ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಆದ್ದರಿಂದ ಅದೊಂದನ್ನೇ ನಂಬಿ ಓಡಬೇಡಿ, ಜೊತೆಗೆ ಚಿಟಿಕೆ ಉಪ್ಪು ಇರಲಿ. ಮಜ್ಜಿಗೆ ಓಟ ಮುಗಿದ ಮೇಲೆ. ಓಡುವಾಗ ಕೆಲವರ ಹೊಟ್ಟೆಯಲ್ಲಿ ಅದು ಕುಲುಕುತ್ತದೆ.

ಶಕ್ತಿಗೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ, ಬೆಲ್ಲದ ಸಣ್ಣ ಉಂಡೆಯೂ ನಡೆಯುತ್ತದೆ. ತಿನ್ನುವುದನ್ನು ಇಳಿಜಾರು ಅಥವಾ ಸಪಾಟಿಗೆ ಇಟ್ಟುಕೊಳ್ಳಿ. ಏರಿನಲ್ಲಿ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹರಿಯುತ್ತಿರುತ್ತದೆ, ಹೊಟ್ಟೆಯ ಪಾಲಿಗೆ ಉಳಿಯುವುದು ಸ್ವಲ್ಪವೇ.

ಪ್ರಶ್ನೆ: ಇಳಿಜಾರಿನ ಅಭ್ಯಾಸಕ್ಕೆ ಆಗುಂಬೆ ಘಾಟಿ ಇಳಿಯಬಹುದೇ? (ಶಿವಮೊಗ್ಗ)

ಉತ್ತರ: ಬೇಡ. 14 ಹೇರ್‌ಪಿನ್ ತಿರುವುಗಳ ಕಿರಿದಾದ ರಸ್ತೆ, ತಿರುವಿನಲ್ಲಿ ಬರುವ ವಾಹನಕ್ಕೆ ನೀವು ಕಾಣಿಸುವುದಿಲ್ಲ. ನೂರಕ್ಕೆ ನಾಲ್ಕರಿಂದ ಆರರಷ್ಟು ಇಳಿಯುವ, ವಾಹನ ಕಡಿಮೆ ಇರುವ ಯಾವುದೇ 400 ಮೀಟರ್ ರಸ್ತೆ ಸಾಕು. ನಡೆದು ಹತ್ತಿ, ಓಡಿ ಇಳಿಯಿರಿ. ಮೊದಲ ವಾರ ನಾಲ್ಕು ಸಲ, ಆಮೇಲೆ ಎಂಟರವರೆಗೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆಯಲ್ಪಡುತ್ತಲೇ ಬಿಗಿಹಿಡಿಯಬೇಕಾಗುತ್ತದೆ, ಎಳೆಗಳು ಹರಿಯುವುದು ಅದರಿಂದ. ನೋವು 24ರಿಂದ 72 ಗಂಟೆಗಳ ನಡುವೆ ಜೋರಾಗಿರುತ್ತದೆ. ಆದರೆ ಒಮ್ಮೆ ಹೀಗೆ ನೊಂದು ಮಾಗಿದ ಸ್ನಾಯು ಹಲವು ವಾರ ಅದೇ ಪೆಟ್ಟನ್ನು ತಡೆದುಕೊಳ್ಳುತ್ತದೆ. ಕೊನೆಯ ಇಳಿಜಾರಿನ ಅಭ್ಯಾಸ ಸ್ಪರ್ಧೆಗೆ 10ರಿಂದ 14 ದಿನ ಮೊದಲು ಮುಗಿಯಲಿ.

ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ಬ್ರೇಕ್ ಹಾಕಬೇಡಿ. ಹೆಜ್ಜೆ ಚಿಕ್ಕದು, ಚುರುಕು. ಪಾದ ಸೊಂಟದ ಕೆಳಗೇ ಬೀಳಲಿ. ನಾಲ್ಕು ದಿನ ಮೊದಲು ಕಾಲುಗುರು ಕತ್ತರಿಸಿ. ಲೇಸನ್ನು ಕೊನೆಯ ತೂತಿನವರೆಗೆ ಪೋಣಿಸಿ ಪಾದದ ಕೀಲಿನ ಬಳಿ ಬಿಗಿ ಮಾಡಿ, ಪಾದ ಮುಂದೆ ಜಾರಿ ಬೆರಳು ಶೂ ತುದಿಗೆ ಬಡಿಯಬಾರದು.

ಪ್ರಶ್ನೆ: ಮೊದಲ ಸಲ ಕಾಮ್ರೇಡ್ಸ್ ಎಂಬ ದೂರದ ಓಟಕ್ಕೆ ಹೊರಟಿದ್ದೇನೆ. ದಕ್ಷಿಣ ಆಫ್ರಿಕಾದಲ್ಲಿ ಜೂನ್ ಚಳಿಗಾಲ, ಬಿಸಿಲಿನ ಚಿಂತೆ ಬೇಡ ಎನ್ನುತ್ತಾರೆ. (ಬೆಂಗಳೂರು)

ಉತ್ತರ: ಚಿಂತೆ ಇರಲಿ. ನಸುಕಿನ ಕತ್ತಲಲ್ಲಿ ಚಳಿ ಇರುತ್ತದೆ, ಮಧ್ಯಾಹ್ನ ನೆರಳಿಲ್ಲದ ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತದೆ. ಕೆಲವು ವರ್ಷ ಒಳನಾಡಿನ ಎತ್ತರದಿಂದ ಕಡಲಿನತ್ತ ಇಳಿಯುವ ಒಣ ಬಿಸಿಗಾಳಿ ಬೀಸುತ್ತದೆ, ಅಲ್ಲಿಯವರು ಬರ್ಗ್ ವಿಂಡ್ ಎನ್ನುತ್ತಾರೆ. ಕಡಲತೀರದ ಡರ್ಬನ್ ಕಡೆಗೆ ಓಡುವ ವರ್ಷ ಅದು ಬೆನ್ನಿನ ಗಾಳಿ. ಮೇಲೆ ಹೇಳಿದ ಒಲೆಯ ಮಾತು ಆಗ ನೆನಪಿರಲಿ.

ಮೊದಲ ಮಹಾಯುದ್ಧದ ಸೈನಿಕರ ನೆನಪಿಗೆ ವಿಕ್ ಕ್ಲಾಫಮ್ ಶುರುಮಾಡಿದ ಈ ಓಟ 1921ರಿಂದ ನಡೆದುಬಂದಿದೆ. ಡರ್ಬನ್‌ನಿಂದ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಹತ್ತುವ ಅಪ್ ರನ್ ಸುಮಾರು 87 ಕಿ.ಮೀ., ಇಳಿಯುವ ಡೌನ್ ರನ್ ಸುಮಾರು 90. ಸಾಮಾನ್ಯವಾಗಿ ದಿಕ್ಕು ಒಂದು ವರ್ಷ ಬಿಟ್ಟು ಒಂದು ವರ್ಷ ಬದಲಾಗುತ್ತದೆ. ಕೌವೀಸ್, ಫೀಲ್ಡ್ಸ್, ಬೋಥಾಸ್, ಇಂಚಾಂಗ, ಪಾಲಿ ಶಾರ್ಟ್ಸ್ ಎಂಬ ಐದು ದಿಬ್ಬಗಳ ಹೆಸರನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ದಾರಿಯ ಅತಿ ಎತ್ತರದ ಜಾಗ ಆ ಐದರಲ್ಲಿಲ್ಲ. ಅದು ಸುಮಾರು 870 ಮೀಟರಿನ ಉಮ್ಲಾಸ್ ರೋಡ್. ಬೆಂಗಳೂರು ಅದಕ್ಕಿಂತ ಎತ್ತರದಲ್ಲಿದೆ, ಹಾಗಾಗಿ ಎತ್ತರದ ಗಾಳಿಯ ಭಯ ನಿಮಗೆ ಬೇಡ.

ಅಪ್ ರನ್‌ನಲ್ಲಿ ಹೆಚ್ಚಿನ ಏರುಗಳು ಮೊದಲರ್ಧದಲ್ಲಿ ಒತ್ತಾಗಿ ಬರುತ್ತವೆ. ಡ್ರಮಂಡ್‌ನಲ್ಲಿ ಅರ್ಧ ದಾರಿ, ಅದು ಮುಗಿಯುತ್ತಿದ್ದಂತೆ ಇಂಚಾಂಗ. ಕೊನೆಯ ಎಂಟು ಕಿಲೋಮೀಟರ್ ಇರುವಾಗ ಪಾಲಿ ಶಾರ್ಟ್ಸ್. ಅಲ್ಲಿ ಓಡುವಷ್ಟು ಕಾಲು ಉಳಿಯಬೇಕಾದರೆ ಫೀಲ್ಡ್ಸ್ ಹಿಲ್‌ನ ಮೂರು ಕಿಲೋಮೀಟರಿನಲ್ಲಿ ಕಂಬದ ಲೆಕ್ಕ ಪಾಲಿಸಿರಬೇಕು. ಡೌನ್ ರನ್‌ನಲ್ಲಿ ಅದೇ ಫೀಲ್ಡ್ಸ್ 65 ಕಿ.ಮೀ. ದಾಟಿದ ಮೇಲೆ ಇಳಿಜಾರಾಗಿ ಬಂದು ತೊಡೆ ಹಿಂಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಡೌನ್ ರನ್ನೇ ಹೆಚ್ಚು ಕಠಿಣ.

ನೀರು ಅಲ್ಲಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದೆ. ಮೂಲೆಯನ್ನು ಹಲ್ಲಿನಿಂದ ಸಣ್ಣಗೆ ಕಚ್ಚಿ ಹಿಂಡಬೇಕು. ತೂತು ದೊಡ್ಡದಾದರೆ ನೀರೆಲ್ಲ ಎದೆಗೆ. ಎರಡು ತೆಗೆದುಕೊಳ್ಳಿ, ಒಂದು ಬಾಯಿಗೆ, ಇನ್ನೊಂದು ಮುಂದಿನ ಏರಿನ ಬುಡದವರೆಗೆ ಕೈಯಲ್ಲಿರಲಿ. 12 ಗಂಟೆಯ ಗಡುವಿನಲ್ಲಿ ಒಂದು ಸೆಕೆಂಡಿನ ರಿಯಾಯಿತಿಯೂ ಇಲ್ಲ, ದಾರಿಯ ನಡುವೆಯೂ ಗಡುವುಗಳಿವೆ. ಪೀಟರ್‌ಮಾರಿಟ್ಸ್‌ಬರ್ಗ್‌ನ ರೈಲು ನಿಲ್ದಾಣವನ್ನು ನೋಡದೆ ಬರಬೇಡಿ. 1893ರ ಜೂನ್ 7ರ ಚಳಿಯ ರಾತ್ರಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ್ದು ಅಲ್ಲೇ.

ಪ್ರಶ್ನೆ: ಓಟಕ್ಕೆ ಮುಂಚೆಯೇ ಮೈ ತಂಪು ಮಾಡಿಕೊಂಡರೆ ಪ್ರಯೋಜನವಿದೆಯೇ? (ತುಮಕೂರು)

ಉತ್ತರ: ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನ್ ಆಗಸ್ಟ್ 22ರ ಸಂಜೆ ಸುಮಾರು 35 ಡಿಗ್ರಿ ಬಿಸಿಯಲ್ಲಿ ಶುರುವಾಯಿತು. ಆ ದಾರಿ 10ರಿಂದ 31ನೇ ಕಿ.ಮೀ. ತನಕ ಬಹುಪಾಲು ಏರು. ಅಮೆರಿಕದ ಡೀನಾ ಕಾಸ್ಟರ್ ಐಸ್ ತುಂಬಿದ ಜಾಕೆಟ್ ತೊಟ್ಟು ಮೈ ಸಡಿಲಿಸಿದರು, ಹಿಂದೆ ಉಳಿದು ನಿಧಾನವಾಗಿ ಶುರುಮಾಡಿ 2 ಗಂಟೆ 27 ನಿಮಿಷ 20 ಸೆಕೆಂಡಿನಲ್ಲಿ ಕಂಚು ಗೆದ್ದರು. ಚಿನ್ನ ಜಪಾನಿನ ಮಿಜುಕಿ ನೊಗುಚಿಯವರಿಗೆ. ಆಗಿನ ವಿಶ್ವದಾಖಲೆಯ ಪೌಲಾ ರ‍್ಯಾಡ್‌ಕ್ಲಿಫ್ 36 ಕಿ.ಮೀ. ಆಸುಪಾಸಿನಲ್ಲಿ ನಿಂತುಬಿಟ್ಟರು. ನಮಗೆ ಐಸ್ ಜಾಕೆಟ್ ಬೇಕಿಲ್ಲ. ನೆರಳಿನಲ್ಲಿ ನಿಲ್ಲುವುದು, ವಾರ್ಮಪ್ ಐದೇ ನಿಮಿಷಕ್ಕೆ ಮುಗಿಸುವುದು, ಅರ್ಧ ಗಂಟೆ ಮೊದಲು ಪುಡಿಮಾಡಿದ ಐಸ್ ಹಾಕಿದ ಶರಬತ್ತನ್ನು ಒಂದು ಲೋಟ ಕುಡಿಯುವುದು ಸಾಕು.

ಪ್ರಶ್ನೆ: ಒಬ್ಬರು ಓಡುತ್ತಲೇ ತೊದಲಿ ಕುಸಿದರು. ಮೈ ಬೆವರಿತ್ತು, ಹಾಗಾಗಿ ಬಿಸಿಲಾಘಾತ ಅಲ್ಲವೆಂದು ಸುಮ್ಮನಿದ್ದೆವು. ಸರಿಯೇ? (ದಾವಣಗೆರೆ)

ಉತ್ತರ: ಸರಿಯಲ್ಲ, ಇದನ್ನು ದಯವಿಟ್ಟು ಎಲ್ಲರಿಗೂ ತಿಳಿಸಿ. ಓಟದಿಂದ ಬರುವ ಬಿಸಿಲಾಘಾತದಲ್ಲಿ ಮೈ ಬೆವರಿರುವುದೇ ಹೆಚ್ಚು. ತೊದಲು, ಅಡ್ಡಾದಿಡ್ಡಿ ನಡೆ, ಸಿಟ್ಟು, ಊರು ಕೇಳಿದರೆ ತಪ್ಪು ಉತ್ತರ, ಇವು ಕಂಡರೆ ದೇಹದೊಳಗಿನ ಶಾಖ 40 ಡಿಗ್ರಿ ದಾಟಿರಬಹುದೆಂದೇ ತಿಳಿಯಿರಿ. ಹಣೆ ಮುಟ್ಟಿಯೋ ಬಾಯಲ್ಲಿ ಥರ್ಮಾಮೀಟರ್ ಇಟ್ಟೋ ಇದು ಗೊತ್ತಾಗದು. 108ಕ್ಕೆ ಕರೆ ಮಾಡಿ, ಆದರೆ ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ. ಟಬ್ ಇದ್ದರೆ ಐಸ್ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿ, ತಲೆ ನೀರಿನ ಮೇಲಿರುವಂತೆ ಕಂಕುಳಲ್ಲಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತ ಗಾಳಿ ಹಾಕಿ, ಐಸ್ ನೀರಿನಲ್ಲಿ ಅದ್ದಿದ ಟವೆಲ್‌ಗಳನ್ನು ಮೈತುಂಬ ಹೊದಿಸಿ, ಬೆಚ್ಚಗಾದ ಕೂಡಲೇ ಬದಲಿಸಿ. ಅರ್ಧ ಗಂಟೆಯೊಳಗೆ ಮೈ ತಣಿದವರು ಬಹುತೇಕ ಉಳಿಯುತ್ತಾರೆ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಗುರಿ ಮುಟ್ಟಿ ನಿಂತ ಮೇಲೆ ಕುಸಿಯುವುದು ಹೆಚ್ಚಾಗಿ ರಕ್ತ ಕಾಲಿನಲ್ಲಿ ಉಳಿದುಬಿಡುವುದರಿಂದ. ಅಂಥವರನ್ನು ಮಲಗಿಸಿ ಕಾಲು ಎತ್ತಿ ಹಿಡಿದರೆ ಚೇತರಿಸಿಕೊಳ್ಳುತ್ತಾರೆ. ಗುರಿಗೆ ಮೊದಲೇ ಬಿದ್ದವರ ಬಗ್ಗೆ ಹೆಚ್ಚು ಭಯವಿರಲಿ.

ಪ್ರಶ್ನೆ: ಮಂಡಿನೋವಿಗೆ ಓಟದ ಬೆಳಿಗ್ಗೆ ಐಬುಪ್ರೊಫೇನ್ ನುಂಗಬಹುದೇ? (ಕಲಬುರಗಿ)

ಉತ್ತರ: ಬೇಡವೇ ಬೇಡ. ಬಿಸಿಲಿನಲ್ಲಿ ಓಡುವಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊದಲೇ ಕಡಿಮೆ, ಈ ಮಾತ್ರೆ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಮಾತ್ರೆ ಇಲ್ಲದೆ ಮೆಟ್ಟಿಲು ಇಳಿಯಲಾಗದ ಮಂಡಿಯಿದ್ದರೆ ಈ ಸಲದ ಓಟ ಬಿಡಿ, ಮೂಳೆ ವೈದ್ಯರಿಗೆ ತೋರಿಸಿ.