ಪಾತ್ರೆಯ ಮಸಿ, ಬರೆಯುವ ಮಸಿ

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಕಾರ್ಬನ್ ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ) ಪುಡಿಯನ್ನು ನೀರಿಗೆ ಹಾಕಿ ಒಂದು ಗಂಟೆ, ಶಬ್ದದ ಅಲೆಗಳಿಂದ ಅಲುಗಾಡಿಸುವ ಸೋನಿಕೇಟರ್‌ನಲ್ಲಿ ಇಟ್ಟೆ. ನೀರು ಕಪ್ಪಗಾಯಿತು. ಬೆಳಿಗ್ಗೆ ನೋಡಿದರೆ ಎಲ್ಲ ತಳದಲ್ಲಿ ಕೂತಿದೆ. ಸೀನಿಯರ್ ಒಬ್ಬರು ಆಸಿಡ್‌ನಲ್ಲಿ ಕುದಿಸು ಅಂತಾರೆ, ಇನ್ನೊಬ್ಬರು ಪಾಲಿಮರ್ ಹಾಕು ಅಂತಾರೆ. ಯಾರ ಮಾತು ಕೇಳಲಿ?
– ಓದುಗಿ, ರಾಜಾಜಿನಗರ, ಬೆಂಗಳೂರು

ಉತ್ತರ: ಪಾಲಿಮರ್ ಅಂದವರ ಮಾತು ಕೇಳಿ. ಪಾಲಿಮರ್ ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಸೇರಿ ಆದ ಉದ್ದನೆಯ ಅಣು. ನೈಟ್ರಿಕ್, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕುದಿಸಿದರೆ ಟ್ಯೂಬ್ ನೀರಿಗೆ ಒಗ್ಗುತ್ತದೆ ನಿಜ, ಆದರೆ ಅದರ ಗೋಡೆ ತೂತಾಗುತ್ತದೆ, ಟ್ಯೂಬ್ ತುಂಡಾಗುತ್ತದೆ, ಕರೆಂಟ್ ಹರಿಸುವ ಗುಣವೂ ಕೆಡುತ್ತದೆ. ಆ ಗುಣಕ್ಕಾಗಿಯೇ ಅಲ್ವಾ ನಾವು ಅದನ್ನು ತಂದದ್ದು?

ಪಾತ್ರೆ ತಳದ ಕಪ್ಪಿಗೂ ನಾವು ಮಸಿ ಅಂತೀವಿ, ಬರೆಯುವ ಇಂಕಿಗೂ ಮಸಿ ಅಂತೀವಿ. ದೀಪದ ಕಪ್ಪನ್ನು ಸುಮ್ನೆ ನೀರಿಗೆ ಕಲಸಿದರೆ ನಿಲ್ಲುವುದಿಲ್ಲ. ಗೋಂದು ಸೇರಿಸಿ ಚೆನ್ನಾಗಿ ಅರೆದರೆ ಅದೇ ಬರೆಯುವ ಮಸಿ. ಗೋಂದೂ ಒಂದು ಪಾಲಿಮರ್ರೇ. 2002ರಲ್ಲಿ ಇಸ್ರೇಲಿನ ಸಂಶೋಧಕರು ಗಮ್ ಅರೇಬಿಕ್ ಎಂಬ ಗೋಂದನ್ನೇ ಬಳಸಿ ನ್ಯಾನೋಟ್ಯೂಬ್‌ಗಳನ್ನು ನೀರಿನಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿದರು. ನನಗೆ ಇದು ಈಗಲೂ ತುಂಬಾ ಖುಷಿ ಕೊಡುವ ವಿಷಯ.

ಅದಕ್ಕೆ ಒಂದು ವರ್ಷ ಮೊದಲು, ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ ತಂಡ ಪಿವಿಪಿ (ಪಾಲಿವಿನೈಲ್ ಪಿರೊಲಿಡೋನ್) ಮತ್ತು ಪಾಲಿಸ್ಟೈರೀನ್ ಸಲ್ಫೋನೇಟ್ ಎಂಬ ಪಾಲಿಮರ್ ಬಳಸಿ ಇದನ್ನು ಸಾಧಿಸಿತ್ತು. ಟ್ಯೂಬ್‌ಗಳು ಉದ್ದುದ್ದಕ್ಕೆ ಒಂದಕ್ಕೊಂದು ಅಂಟಿಕೊಂಡು ಕಟ್ಟುಕಟ್ಟಾಗಿರುತ್ತವೆ. ಸೋನಿಕೇಟರ್ ಅವನ್ನು ಬಿಡಿಸುತ್ತದೆ, ಆದರೆ ಮತ್ತೆ ಅಂಟದಂತೆ ತಡೆಯುವವರು ಯಾರೂ ಇಲ್ಲ, ನಿಮ್ಮ ಬೀಕರಿನಲ್ಲಿ ಆದದ್ದು ಅಷ್ಟೇ. ಪಾಲಿಮರ್ ಇದ್ದರೆ ಅದರ ಉದ್ದನೆಯ ಎಳೆ ಟ್ಯೂಬನ್ನು ಸುತ್ತಿಕೊಳ್ಳುತ್ತದೆ. ನೀರಿಗೆ ಆಗದ ಭಾಗ ಗೋಡೆಯ ಕಡೆಗೆ, ನೀರಿಗೆ ಹೊಂದುವ ಭಾಗ ಹೊರಗಡೆಗೆ. ಗೋಡೆಗೆ ಏನೂ ಆಗುವುದಿಲ್ಲ. ದ್ರಾವಕ ಬದಲಿಸಿದರೆ ಆ ಸುತ್ತನ್ನು ಬಿಚ್ಚಲೂಬಹುದು. ಪಾಲಿಮರ್ ಕರೆಂಟಿಗೆ ಅಡ್ಡ ಬರುವುದರಿಂದ, ಟ್ಯೂಬಿನಿಂದ ಕರೆಂಟ್ ಹರಿಸುವ ಫಿಲ್ಮ್ (ತೆಳು ಪದರ) ಮಾಡುವವರಿಗೆ ಹೀಗೆ ಬಿಚ್ಚುವುದು ಬೇಕಾಗುತ್ತದೆ.

ಪಾಲಿಮರನ್ನು ಮೊದಲು ಕರಗಿಸಿ, ಆಮೇಲೆ ಪುಡಿ ಹಾಕಿ. ಬೀಕರ್ ಐಸ್‌ನಲ್ಲಿರಲಿ. ಸೋನಿಕೇಶನ್ ಜಾಸ್ತಿ ಬೇಡ, ಅದೂ ಟ್ಯೂಬನ್ನು ತುಂಡು ಮಾಡುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ: ಸಲ್ಫೋನೇಟಿನಂಥ ಪಾಲಿಮರ್‌ನ ಚಾರ್ಜನ್ನು ಗಡಸು ನೀರಿನ ಕ್ಯಾಲ್ಸಿಯಂ ಮುಚ್ಚಿಬಿಟ್ಟರೆ ಟ್ಯೂಬ್‌ಗಳು ಮತ್ತೆ ಗಂಟು ಕಟ್ಟುತ್ತವೆ. ಡಿಸ್ಟಿಲ್ಡ್ ನೀರೇ ಇರಲಿ. ಕೊನೆಗೆ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಗಂಟುಗಳನ್ನು ತಳಕ್ಕೆ ಇಳಿಸಿ) ಮೇಲಿನ ಕಪ್ಪು ನೀರನ್ನಷ್ಟೇ ತೆಗೆದುಕೊಳ್ಳಿ.

ಒಣ ಪುಡಿ ತೂಗುವಾಗ ಮಾತ್ರ ಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ತೂಗಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಅದು ಶ್ವಾಸಕೋಶಕ್ಕೆ ಹೋಗಬಾರದು.