ಒಳಗಿನವರಿಗೇ ಫಿಕ್ಸ್ ಆಗಿದೆಯಂತೆ, ಡೀನ್ ಹುದ್ದೆಗೆ ಅರ್ಜಿ ಹಾಕಲೇ?

ಪ್ರಶ್ನೆ: ಹಾಸನ ಜಿಲ್ಲೆಯ ಡಿಗ್ರಿ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಗಣಿತ ಪಾಠ ಮಾಡಿದ್ದೇನೆ. ಈಗ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಆರು ವರ್ಷದಿಂದ ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಮುಖ್ಯವಾಗಿ ಎರಡು ವರ್ಷದ ಕೋರ್ಸ್‌ಗಳ ಸಾರ್ವಜನಿಕ ಕಾಲೇಜಿನಲ್ಲಿ, ಪಾರ್ಟ್ ಟೈಮ್ ಪಾಠ. ಪಕ್ಕದ ಡಿಸ್ಟ್ರಿಕ್ಟ್‌ನ (ಇಲ್ಲಿ ಇಂಥ ಕಾಲೇಜುಗಳನ್ನು ನಡೆಸುವ ಸ್ಥಳೀಯ ಆಡಳಿತ ಸಂಸ್ಥೆಗೆ ಹೀಗನ್ನುತ್ತಾರೆ) ಕಾಲೇಜೊಂದರಲ್ಲಿ ಗಣಿತ ಮತ್ತು ವಿಜ್ಞಾನ ವಿಭಾಗದ ಡೀನ್ ಹುದ್ದೆಗೆ ಅರ್ಜಿ ಕರೆದಿದ್ದಾರೆ. ನನಗೆ ಪಿಎಚ್‌ಡಿ ಇಲ್ಲ. ಅಲ್ಲಿ ಈಗಾಗಲೇ ಒಬ್ಬರು ಹಂಗಾಮಿ ಡೀನ್ ಕೂತಿದ್ದಾರೆ. ‘ಅವರಿಗೇ ಫಿಕ್ಸ್, ಸುಮ್ನೆ ಯಾಕೆ ಒದ್ದಾಡ್ತೀಯ’ ಅಂತಾರೆ ಗೆಳತಿಯರು. ಅರ್ಜಿ ಹಾಕಲೇ, ಬಿಡಲೇ?

ಉತ್ತರ: ಹಾಕಿ ಮೇಡಂ. ಈ ವಾರವೇ ಕೂತು ಬರೆಯಿರಿ.

ಮೊದಲು ಪಿಎಚ್‌ಡಿ ವಿಷಯ. ಕರ್ನಾಟಕದಲ್ಲಿ ಪ್ರಿನ್ಸಿಪಾಲ್ ಆಗಬೇಕಾದರೆ ಯುಜಿಸಿಯ 2018ರ ನಿಯಮದಂತೆ ಪಿಎಚ್‌ಡಿ ಬೇಕು, ಜೊತೆಗೆ 15 ವರ್ಷದ ಅನುಭವ ಬೇಕು. ಆ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ನಮ್ಮವರು ಎಷ್ಟೋ ಜನ ಇಲ್ಲಿ ಅರ್ಜಿಯನ್ನೇ ಹಾಕುವುದಿಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಡೀನ್‌ನಂಥ ಶೈಕ್ಷಣಿಕ ಆಡಳಿತದ ಹುದ್ದೆಗೆ ರಾಜ್ಯ ಕೇಳುವುದು ಎರಡೇ: ಒಂದು ಮಾಸ್ಟರ್ಸ್ ಪದವಿ, ಮತ್ತು ಆ ಕೆಲಸಕ್ಕೆ ಸಂಬಂಧಪಟ್ಟಂತೆ ಒಂದು ವರ್ಷದ ತರಬೇತಿ, ಇಂಟರ್ನ್‌ಶಿಪ್ ಅಥವಾ ನಾಯಕತ್ವದ ಅನುಭವ. ಇದಕ್ಕಿಂತ ಜಾಸ್ತಿ ಬೇಕಿದ್ದರೆ ಕಾಲೇಜು ತನ್ನ ಜಾಹೀರಾತಿನಲ್ಲೇ ಬರೆದಿರುತ್ತದೆ. ‘ಇದ್ದರೆ ಒಳ್ಳೆಯದು’ ಎಂಬ ಪಟ್ಟಿಯಲ್ಲಿ ಪಿಎಚ್‌ಡಿ ಕಂಡರೆ ಹೆದರಬೇಡಿ. ಅದು ‘ಇರಲೇಬೇಕು’ ಅಂತ ಅಲ್ಲ.

ಎಡವುವುದು ಬೇರೆ ಕಡೆ. ನಾನು ಕೂತಿದ್ದ ಒಂದು ಆಯ್ಕೆ ಸಮಿತಿಗೆ ಬೆಂಗಳೂರಿನ ಎಂ.ಎಸ್ಸಿ ಇದ್ದವರೊಬ್ಬರ ಒಳ್ಳೆಯ ಅರ್ಜಿ ಬಂದಿತ್ತು. ಅಂಕಪಟ್ಟಿ ಇತ್ತು, ಘಟಿಕೋತ್ಸವದ ಸರ್ಟಿಫಿಕೇಟೂ ಇತ್ತು. ಅಮೆರಿಕದ ಪದವಿಗೆ ಅದು ಸಮ ಎಂದು ಏಜೆನ್ಸಿಯಿಂದ ತರಬೇಕಾದ ಮೌಲ್ಯಮಾಪನ ವರದಿ ಮಾತ್ರ ಇರಲಿಲ್ಲ. ಕೊನೆಯ ದಿನ ಮುಗಿದಿತ್ತು. ಅರ್ಜಿ ನಮ್ಮ ಚರ್ಚೆಗೇ ಬರಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ನೀವು ಈಗಾಗಲೇ ಇಲ್ಲಿ ಪಾಠ ಮಾಡುತ್ತಿದ್ದೀರಿ, ಅಂದರೆ ನಿಮ್ಮ ಪದವಿಯನ್ನು ಒಂದು ಡಿಸ್ಟ್ರಿಕ್ಟ್ ಒಪ್ಪಿದೆ. ಆದರೆ ರಾಜ್ಯದಲ್ಲಿ ಇಂಥ 73 ಡಿಸ್ಟ್ರಿಕ್ಟ್‌ಗಳಿವೆ, ಒಂದು ಒಪ್ಪಿದ್ದನ್ನು ಇನ್ನೊಂದು ಒಪ್ಪಬೇಕೆಂದೇನಿಲ್ಲ. ಆ ವರದಿಯನ್ನು ಮತ್ತೆ ಲಗತ್ತಿಸಿ.

ಇನ್ನು ‘ಫಿಕ್ಸ್’ ಮಾತು. ಹಂಗಾಮಿ ಡೀನ್‌ರನ್ನು ಒಳಗಿನಿಂದಲೇ ನೇಮಿಸಬಹುದು, ಅದು ತಾತ್ಕಾಲಿಕ. ಹುದ್ದೆಯನ್ನು ಕಾಯಂ ಆಗಿ ತುಂಬುವಾಗ ಎಲ್ಲರಿಗೂ ತೆರೆದ ನೇಮಕಾತಿ ನಡೆಸಲೇಬೇಕು ಎಂದು ರಾಜ್ಯದ ನಿಯಮ, ಅಂದರೆ ಟೈಟಲ್ 5, ಹೇಳುತ್ತದೆ. ಹಂಗಾಮಿಯವರೂ ನಿಮ್ಮ ಹಾಗೆಯೇ ಅರ್ಜಿ ಹಾಕಿ ಸಂದರ್ಶನಕ್ಕೆ ಬರಬೇಕು. ಅವರಿಗೆ ಅನುಕೂಲ ಇಲ್ಲವೇ? ಇದೆ. ಆ ಕಾಲೇಜಿನ ಒಳಗಿನ ವಿಷಯ ಅವರಿಗೆ ಗೊತ್ತು. ಆದರೆ ಹಂಗಾಮಿಯವರನ್ನು ಬಿಟ್ಟು ಹೊರಗಿನವರನ್ನು ಆರಿಸಿದ್ದನ್ನು ನಾನೇ ನೋಡಿದ್ದೇನೆ. ಸಮಿತಿಯಲ್ಲಿ ಬರೀ ಆಡಳಿತದವರು ಇರುವುದಿಲ್ಲ. ಅಧ್ಯಾಪಕರು, ಕಚೇರಿ ಸಿಬ್ಬಂದಿ, ಕೆಲವು ಕಡೆ ವಿದ್ಯಾರ್ಥಿಗಳೂ ಇರುತ್ತಾರೆ. 1988ರ ಎಬಿ 1725 ಕಾಯ್ದೆ ಬಂದ ಮೇಲೆ ಕಾಲೇಜಿನ ಆಡಳಿತದಲ್ಲಿ ಅಧ್ಯಾಪಕರ ಮಾತಿಗೆ ತೂಕ ಬಂದಿದೆ. ಡೀನ್ ಹೇಗಿರಬೇಕು ಎಂಬುದರ ಬಗ್ಗೆ ಅವರಿಗೆ ಗಟ್ಟಿ ಅಭಿಪ್ರಾಯ ಇರುತ್ತದೆ.

ಅರ್ಜಿ ಬರೆಯುವಾಗ ಒಂದೇ ಮಾತು ನೆನಪಿಡಿ. ಕಾಗದದಲ್ಲಿ ಇಲ್ಲದ್ದು ಸಮಿತಿಯ ಪಾಲಿಗೆ ಇಲ್ಲ. ಸದಸ್ಯರೊಬ್ಬರಿಗೆ ನಿಮ್ಮ ಪರಿಚಯ ಇದ್ದರೂ ಅವರು ಬರೆದದ್ದಕ್ಕೆ ಮಾತ್ರ ಅಂಕ ಕೊಡಬೇಕು. ಊರಿನಲ್ಲಿ ನೀವು ವಿಭಾಗದ ಮುಖ್ಯಸ್ಥೆ ಆಗಿದ್ದಿರಾ? ಪರೀಕ್ಷೆಯ ಮುಖ್ಯ ಅಧೀಕ್ಷಕಿ? ನ್ಯಾಕ್ ಕೋಆರ್ಡಿನೇಟರ್? ಅದೆಲ್ಲ ಆ ಒಂದು ವರ್ಷದ ನಾಯಕತ್ವದ ಲೆಕ್ಕಕ್ಕೆ ಬರಬಹುದು. ಬರೀ ‘ನ್ಯಾಕ್’ ಅಂತ ಬರೆದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ‘ಕಾಲೇಜಿನ ಮಾನ್ಯತೆಗಾಗಿ ಸ್ವಯಂ ಮೌಲ್ಯಮಾಪನ ವರದಿ ಸಿದ್ಧಪಡಿಸಿದ ತಂಡವನ್ನು ಎರಡು ವರ್ಷ ಮುನ್ನಡೆಸಿದೆ’ ಎಂಬರ್ಥದಲ್ಲಿ ಬಿಡಿಸಿ ಬರೆಯಿರಿ. ಈ ಕಾಲೇಜುಗಳೂ ಎಸಿಸಿಜೆಸಿ ಎಂಬ ಸಂಸ್ಥೆಯಿಂದ ಮಾನ್ಯತೆ ಪಡೆಯಲು ಅದೇ ಥರದ ವರದಿ ಬರೆದು ಸುಸ್ತಾಗಿರುತ್ತವೆ. ತಕ್ಷಣ ಕಿವಿ ನಿಮಿರುತ್ತದೆ.

ವಿದ್ಯಾರ್ಥಿಗಳ ಬೇರೆ ಬೇರೆ ಹಿನ್ನೆಲೆಯನ್ನು ನೀವು ಎಷ್ಟು ಅರ್ಥ ಮಾಡಿಕೊಂಡಿದ್ದೀರಿ ಎಂದೂ ಖಂಡಿತ ಕೇಳುತ್ತಾರೆ. ಅದು ಅಲಂಕಾರದ ಪ್ರಶ್ನೆ ಅಲ್ಲ, ಅಧ್ಯಾಪಕರ ಮತ್ತು ಆಡಳಿತದ ಹುದ್ದೆಗಳಿಗೆ ನಿಯಮವೇ ಕೇಳುವ ಅರ್ಹತೆ. ಹಾಗಂತ ಜನಾಂಗ, ಲಿಂಗ ನೋಡಿ ಯಾರಿಗೂ ಆದ್ಯತೆ ಕೊಡುವಂತಿಲ್ಲ. ರಾಜ್ಯದ ಮತದಾರರು ಒಪ್ಪಿದ 1996ರ ಪ್ರೊಪೊಸಿಷನ್ 209 ಎಂಬ ಕಾನೂನು ಅದನ್ನು ತಡೆದಿದೆ. ‘ನಾನು ಎಲ್ಲರನ್ನೂ ಸಮಾನವಾಗಿ ಕಾಣುತ್ತೇನೆ’ ಅಂತ ಒಂದು ಸಾಲು ಗೀಚಬೇಡಿ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮಕ್ಕಳಿಗೆ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುವವರಿಗೆ ಏನು ಮಾಡಿದಿರಿ? ಇಲ್ಲಿ ರಾತ್ರಿ ಕೆಲಸ ಮಾಡಿ ಬೆಳಗ್ಗೆ ಕ್ಲಾಸಿಗೆ ಬರುವವರಿಗೆ ಏನು ಬದಲಾಯಿಸಿದಿರಿ? ಅದನ್ನು ಬರೆಯಿರಿ.

ಸಂದರ್ಶನ ವಿಚಿತ್ರ ಅನಿಸುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಕ್ರಮ, ಅಷ್ಟೇ ಸಮಯ. ಸದಸ್ಯರು ಒಬ್ಬೊಬ್ಬರಾಗಿ ಕಾಗದ ನೋಡಿ ಓದುತ್ತಾರೆ. ನೀವು ಉತ್ತರಿಸುವಾಗ ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ನಗು ಇಲ್ಲ, ‘ಹೌದಾ’ ಇಲ್ಲ. ಸೋತೆ ಅಂದುಕೊಳ್ಳಬೇಡಿ, ಎಲ್ಲರನ್ನೂ ಒಂದೇ ಥರ ನೋಡಲಿಕ್ಕೆ ಹಾಗಿರುತ್ತಾರೆ. ಇನ್ನೊಂದು ಮಾತು. ನಮಗೆ ‘ನಾವೆಲ್ಲ ಸೇರಿ ಮಾಡಿದ್ವಿ’ ಅನ್ನುವ ಅಭ್ಯಾಸ. ಒಳ್ಳೆಯ ಗುಣವೇ. ಆದರೆ ‘ನಾನು ಮಾಡಿದೆ’ ಅನ್ನದಿದ್ದರೆ ಅಂಕ ಬೀಳುವುದಿಲ್ಲ.

ಸಮಿತಿ ಕೊಡುವುದು ಶಿಫಾರಸು ಅಷ್ಟೇ. ಕಾಲೇಜಿನ ಅಧ್ಯಕ್ಷರು ಅಂತಿಮ ಅಭ್ಯರ್ಥಿಗಳ ಜೊತೆ ಮಾತಾಡುತ್ತಾರೆ. ನೇಮಕ ಪಕ್ಕಾ ಆಗುವುದು ಜನರು ಆರಿಸಿದ ಟ್ರಸ್ಟಿಗಳ ಮಂಡಳಿಯಲ್ಲಿ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಹಾಗಾಗಿ ಅದು ನಿಮ್ಮ ಕಣ್ಣಿಗೂ ಬೀಳುತ್ತದೆ. ಅಲ್ಲಿಯವರೆಗೆ ಈಗಿನ ಕೆಲಸ ಬಿಡಬೇಡಿ.

ಸಹಿ ಹಾಕುವ ಮುಂಚೆ ಒಂದು ವಿಷಯ ಕೇಳಲೇಬೇಕು. ಹಂಗಾಮಿ ಅಲ್ಲದಿದ್ದರೂ ಡೀನ್ ಕೆಲಸ ಕೊನೆಯವರೆಗೆ ಖಾತ್ರಿ ಇಲ್ಲ. ಕಾಂಟ್ರ್ಯಾಕ್ಟ್ ಒಂದು ಸಲಕ್ಕೆ ಹೆಚ್ಚೆಂದರೆ ನಾಲ್ಕು ವರ್ಷ. ಅದು ಮುಗಿದ ಮೇಲೆ ಪಾಠದ ಹುದ್ದೆಗೆ ಮರಳುವ ಹಕ್ಕನ್ನು ಕಾನೂನು ಕೆಲವು ಷರತ್ತಿನ ಮೇಲೆ ಕೊಡುತ್ತದೆ. ಅದರಲ್ಲೊಂದು, ಅದೇ ಡಿಸ್ಟ್ರಿಕ್ಟ್‌ನಲ್ಲಿ ಕನಿಷ್ಠ ಎರಡು ವರ್ಷದ ಸೇವೆ. ನೀವು ಆರು ವರ್ಷ ಪಾಠ ಮಾಡಿದ್ದು ಬೇರೆ ಡಿಸ್ಟ್ರಿಕ್ಟ್‌ನಲ್ಲಿ, ಆ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. ಮರಳುವುದೂ ಮೊದಲ ವರ್ಷದ ಪ್ರೊಬೇಷನರಿಯಾಗಿಯೇ, ಅಂದರೆ ಇನ್ನೂ ಕಾಯಂ ಆಗದ ಅಧ್ಯಾಪಕಿಯಾಗಿಯೇ. ಎಚ್‌ಆರ್‌ನವರನ್ನು ಸಂಕೋಚವಿಲ್ಲದೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.